ಅಮ್ಮನ ಅಳತೆಯ ಏಪ್ರನ್

ಬಟ್ಟೆ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ಅಕ್ಕನ ಕೈಯಲ್ಲಿ ಏಪ್ರನ್ನಿಗೆ ಅಳತೆಯ ಗೆರೆ ಎಳೆದ ಹಳೆಯ ಪ್ಯಾಟರ್ನ್ ಕಾಗದವಿತ್ತು. ಪರರ ಮಾತಿಗೆ ಕಿವಿ ಕೊಡಬಾರದೆಂದು ದರ್ಜಿಗೂ ಗೊತ್ತು. ಆದರೆ ಹೊಲಿಗೆಯ ಮಾತು ಬಂದರೆ ಅವನ ಕಿವಿ ಅವನ ಮಾತು ಕೇಳುವುದಿಲ್ಲ.

“ಹೋದ ಸಲ ಗೆರೆ ಮೇಲೇ ಕತ್ತರಿಸಿದ್ಯಾ? ಹೊಲಿಗೆಗೆ ಅಂತ ಸುತ್ತ ಎರಡು ಬೆರಳು ಬಿಡ್ಬೇಕಲ್ವೇನೇ?” ಎಂದಳು ತಂಗಿ.

“ಮರ್ತೆ.”

“ಅಮ್ಮ ಸುಮ್ನಿದ್ಲಾ? ನನ್ನ ಲಂಗದ ಅಂಚು ಒಂದೆಳೆ ಸೊಟ್ಟಗಿದ್ರೆ ಊರಿಗೆಲ್ಲ ಡಂಗುರ ಸಾರ್ತಿದ್ಲು.”

“ಏನೂ ಅನ್ಲಿಲ್ಲ. ಕಟ್ಕೊಂಡ್ಲು.”

“ಅಷ್ಟು ಚಿಕ್ಕದಾದ್ರೆ ಪಕ್ಕೆ ಮುಚ್ಚಿರಲ್ಲ ಅದು.”

“ಮುಚ್ತು. ಅಳತೆ ಇಟ್ಟು ಹೊಲಿದ ಹಾಗಿತ್ತು. ಇನ್ನೊಂದು ಹೊಲಿ ಅಂದ್ಲು.”

ಅದು ಹೇಗಾದೀತು ಎನ್ನಲು ದರ್ಜಿ ಬಾಯಿ ತೆರೆದ. ಹಾಗೇ ಮುಚ್ಚಿಕೊಂಡ.

“ಆ ಕಾಗದ ಅವಳದೇ ಅಳತೆ ಅಲ್ವಾ?” ಎಂದಳು ತಂಗಿ.

“ಹೋದ ವರ್ಷದ್ದು.”

ತಂಗಿ ಕಾಗದದ ಗೆರೆಯ ಮೇಲೆ ಬೆರಳಾಡಿಸಿದಳು. “ಫೋನಲ್ಲಿ ಕೇಳಿದ್ರೆ ಚೆನ್ನಾಗಿ ತಿಂತಿದ್ದೀನಿ ಅಂತಾಳೆ.”

“ಎದುರಿಗೆ ಕೂತ್ಕೊಂಡು ನನಗೂ ಹಾಗೇ ಅಂತಾಳೆ.”

“ಡಾಕ್ಟರು?”

“ಬರಲ್ಲ ಅಂತಾಳೆ.”

ಅವರ ಸರದಿ ಬಂದಾಗ ಅಂಗಡಿಯವನು ಕತ್ತರಿ ಹಿಡಿದು ಕೇಳಿದ: “ಹೋದ ಸಲದಷ್ಟೇನಾ?”

“ಕಮ್ಮಿ ಸಾಕು,” ಎಂದಳು ಅಕ್ಕ.

“ಬೇಡ, ಅಷ್ಟೇ ಕೊಡಿ,” ಎಂದಳು ತಂಗಿ. “ಈ ಸಲ ಹೊಲಿಗೆಗೆ ಬಿಟ್ಟೇ ಕತ್ತರಿಸು, ಅಕ್ಕ.”

“ದೊಗಲೆ ಆಗತ್ತೆ ಕಣೇ.”

“ಆಗ್ಲಿ. ನಾಳೆ ಇಬ್ರೂ ಸೇರಿ ಡಾಕ್ಟರ ಹತ್ರ ಕರ್ಕೊಂಡ್ಹೋಗೋಣ. ಮೈ ತುಂಬ್ಕೋತಾಳೆ.”

ಅಂಗಡಿಯವನು ಹೋದ ಸಲದಷ್ಟೇ ಕತ್ತರಿಸಿ ಕೊಟ್ಟ. ಅಕ್ಕ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಕಡೆ ನಡೆದಳು. ತಂಗಿ ಹಿಂದೆಯೇ ಹೋದಳು.