ಮಗಳ ಬದಲು ಅಮ್ಮ

ಬಸ್ಸಿನಲ್ಲಿ ಮುಂದಿನ ಸೀಟಿನ ತಾಯಿ ಮಗಳ ಮಾತು, ಬೇಡವೆಂದರೂ ಹಿಂದೆ ಕೂತಿದ್ದ ನಿವೃತ್ತ ನರ್ಸಮ್ಮ ಒಬ್ಬರ ಕಿವಿಗೆ ಬೀಳುತ್ತಿತ್ತು. ಮಗಳ ತೊಡೆಯ ಮೇಲೆ ಕಾಲೇಜಿನ ಪುಸ್ತಕ ತೆರೆದೇ ಇತ್ತು.

“ಬಟ್ಟೆ ಅಂಗಡಿ ಮಾಲೀಕರು ಕೇಳಿದ್ರೆ ಏನಂತೀಯಮ್ಮ?”

“ಮಗಳಿಗೆ ಪರೀಕ್ಷೆ, ಇವತ್ತೊಂದಿನ ಅವಳ ಬದಲು ನಾನು ಅಂತೀನಿ. ಬದಲಿ ಜನ ಕಳಿಸದಿದ್ರೆ ಕೆಲಸ ಹೋಯ್ತು ಅಂದೋರು ಅವರೇ ತಾನೇ?”

“ಅಂಗಿ ಮಡಿಸುವಾಗ ಒಳಗೆ ರಟ್ಟು ಇಡಬೇಕು. ಕಾಲರ್ ಮುದುರಬಾರದು.”

“ನಿನ್ನ ಬಟ್ಟೆ ಮಡಿಸಿ ಮಡಿಸಿಯೇ ನನ್ನ ತಲೆಗೂದಲು ಹಣ್ಣಾಯ್ತು. ನಂಗೇ ಪಾಠನಾ?”

“ಬಂದೋರಿಗೆಲ್ಲ ಸಾರ್, ಮೇಡಂ ಅನ್ಬೇಕು.”

“ಮೀಸೆ ಚಿಗುರದ ಹುಡುಗರಿಗೂ?”

“ಅವರಿಗೂ. ಈ ಸಂಬಳ ನಿಂತ್ರೆ ನನ್ನ ಓದೂ ನಿಂತ ಹಾಗೇ.”

“ಅಂತೀನಿ ಬಿಡು. ನೀನು ಓದ್ಕೋ.”

ಅಂಗಡಿಯ ಸ್ಟಾಪು ಬಂದಾಗ ತಾಯಿ ಇಳಿದಳು. ಮಗಳು ಕಿಟಕಿಯ ಬಳಿ ಬಗ್ಗಿದಳು.

“ಅಮ್ಮ, ಹೇಳೋದೇ ಮರೆತೆ. ಅಲ್ಲಿ ಕೂರೋ ಹಾಗಿಲ್ಲ. ಗಿರಾಕಿ ಇಲ್ದಿದ್ರೂ ನಿಂತೇ ಇರಬೇಕು.”

“ದಿನಾ ಐದು ಗಂಟೆ ನಿಂತೇ ಇರ್ತೀಯಾ? ಕಾಲುನೋವು ಅಂತ ಒಂದಿನಾನೂ ಹೇಳಿಲ್ವಲ್ಲೇ.”

“ಹೇಳಿದ್ರೆ ನೀನು ಕೆಲಸ ಬಿಡಿಸ್ತಿದ್ದೆ.”

ತಾಯಿ ಮಗಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಅಂಗಡಿಯ ಮೆಟ್ಟಿಲ ಕಡೆ ನಡೆದಳು. ಬಸ್ಸು ಕಾಲೇಜಿನತ್ತ ಹೊರಟಿತು.