ಪೈಪಿನ ಬಾಯಿಗೆ ಕಟ್ಟಿದ ಸೊಳ್ಳೆ ಪರದೆ

ಹೆಸರು: ಬೀದಿಯವರೆಲ್ಲ ಕರೆಯುವಂತೆ ಗಡಿಯಾರದಣ್ಣ. ವಯಸ್ಸು: 56 ವರ್ಷ. ಕಸುಬು: ಕೈಗಡಿಯಾರ ರಿಪೇರಿ. ವಾಸ: ಪೋಸ್ಟಾಫೀಸಿನ ಹಿಂದಿನ ಬೀದಿ, ಎಡಗಡೆಯ ಮೂರನೇ ಮನೆ.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಕಳೆದ ಶನಿವಾರ ನಮ್ಮ ಮನೆಗೆ ಬೆಂಕಿ ಬಿದ್ದು ನನ್ನ ಹೆಂಡತಿಯ ತಾಯಿ, ಅಂದರೆ ನನ್ನ ಅತ್ತೆ, ತೀರಿಕೊಂಡರು. ಬಟ್ಟೆ ಒಣಗಿಸುವ ಡ್ರೈಯರ್ ನೋಡಲು ಬಂದಿದ್ದ ಮೆಕ್ಯಾನಿಕ್‌ನ ಬೇಜವಾಬ್ದಾರಿಯೇ ಕಾರಣವೆಂದು ನನ್ನ ಭಾವಮೈದುನ ದೂರು ಕೊಟ್ಟಿದ್ದಾನೆ. ನಿನ್ನೆಯಿಂದ ಮೆಕ್ಯಾನಿಕ್ ಇಲ್ಲಿಯ ಲಾಕಪ್ಪಿನಲ್ಲಿದ್ದಾನೆ. ಅವನದು ತಪ್ಪಿಲ್ಲ.

ಅತ್ತೆ ಹಾಸಿಗೆ ಹಿಡಿದು ಹನ್ನೊಂದು ತಿಂಗಳಾಗಿತ್ತು. ದಿನಕ್ಕೆ ನಾಲ್ಕು ಸಲ ಹಾಸು ಬದಲಾಯಿಸಬೇಕಿತ್ತು, ಹಾಗಾಗಿ ಡ್ರೈಯರಿಗೆ ಬಿಡುವಿರಲಿಲ್ಲ. ಹೆಂಡತಿ ಪ್ರತಿ ಸಲವೂ ಅದರ ಜಾಲರಿ ತೆಗೆದು, ಕೂತ ನೂಲಿನ ಧೂಳನ್ನು ಹಳೆಯ ಟೂತ್‌ಬ್ರಷ್ಷಿನಿಂದ ಕೆರೆಯುತ್ತಿದ್ದಳು. ಆದರೂ ಒಂದು ತಿಂಗಳಿಂದ ಎರಡು ಗಂಟೆ ತಿರುಗಿಸಿದರೂ ಹಾಸು ಒಣಗುತ್ತಿರಲಿಲ್ಲ. ರಿಪೇರಿಯವನನ್ನು ಕರೆಸೋಣ ಎಂದಳು. ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವವನಿಗೆ ಈ ತಗಡಿನ ಡಬ್ಬ ಯಾವ ಮಹಾ ಎಂದೆ. ಅವಳು ನನ್ನ ಮಾತು ಕೇಳದೆ ಕರೆಸಿದಳು.

ಗುರುವಾರ ಬೆಳಿಗ್ಗೆ 10:20ಕ್ಕೆ ಮೆಕ್ಯಾನಿಕ್ ಬಂದ. ಹೆಂಡತಿ ಅತ್ತೆಯ ಮೈ ಒರೆಸುತ್ತಿದ್ದಳು, ಅವನ ಜೊತೆ ಮಾತಾಡಿದವನು ನಾನೊಬ್ಬನೇ. ಹತ್ತು ನಿಮಿಷ ಯಂತ್ರ ಓಡಿಸಿ, ಅದರ ಬೆನ್ನು ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡ. ಜಾಲರಿ ಚೊಕ್ಕವಾಗಿದೆ, ಕಟ್ಟಿಕೊಂಡಿರುವುದು ಬಿಸಿಗಾಳಿ ಹೊರಹೋಗುವ ಪೈಪು ಎಂದ. ಪೈಪು ನಾಲ್ಕು ಮೀಟರ್ ಉದ್ದವಿದ್ದು, ಅದರ ಬಾಯಿ ಹೊರಗೋಡೆಯಲ್ಲಿ ಒಂಬತ್ತು ಅಡಿ ಎತ್ತರದಲ್ಲಿದೆ. ಆ ಬಾಯಿಗೆ ಏನಾದರೂ ಕಟ್ಟಿದ್ದೀರಾ ಎಂದು ಕೇಳಿದ. ಇಲ್ಲ ಎಂದೆ.

ಕಟ್ಟಿದ್ದೆ. ಎರಡು ವರ್ಷದ ಹಿಂದೆ ಅದರೊಳಗೆ ಗುಬ್ಬಿ ಗೂಡಿಟ್ಟಿತೆಂದು, ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿ, ಹಳೆಯ ಸೊಳ್ಳೆ ಪರದೆಯ ತುಂಡನ್ನು ಎರಡು ಮಡಿಕೆ ಮಾಡಿ ತಂತಿಯಲ್ಲಿ ಬಿಗಿದಿದ್ದೆ. ಧೂಳೆಲ್ಲ ಅಲ್ಲೇ ಮೆತ್ತಿಕೊಂಡಿದೆಯೆಂದು ಅವನು ಕೇಳಿದಾಗಲೇ ಹೊಳೆಯಿತು. ಒಪ್ಪಿಕೊಳ್ಳಲು ನಾಚಿಕೆಯಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ಪೈಕಿ ನಾನು.

ಮೆಕ್ಯಾನಿಕ್ ಪ್ಲಗ್ಗು ಕಿತ್ತು ಅದಕ್ಕೆ ಕೆಂಪು ಟೇಪು ಸುತ್ತಿದ. ಸೋಮವಾರ 9 ಗಂಟೆಗೆ ಏಣಿ ತಂದು ಪೈಪು ಬಿಚ್ಚುವುದಾಗಿ, ಅಲ್ಲಿಯವರೆಗೆ ಯಾವ ಕಾರಣಕ್ಕೂ ಹಾಕಬಾರದೆಂದು ಹೇಳಿದ. "ಅಜ್ಜಿ ಪಕ್ಕದ ರೂಮಲ್ಲೇ ಇದಾರೆ ಸಾರ್, ಇದು ತಮಾಷೆ ಅಲ್ಲ" ಎಂದ. ಸೋಮವಾರದವರೆಗೆ ಹಾಕಬಾರದಂತೆ ಎಂದಷ್ಟನ್ನು ಹೆಂಡತಿಗೆ ತಿಳಿಸಿದೆ.

ಶನಿವಾರ ಮಧ್ಯಾಹ್ನ 3:10ಕ್ಕೆ ಅವಳು ಆರು ಕಿಲೋಮೀಟರ್ ದೂರದ ಆಸ್ಪತ್ರೆಗೆ ಔಷಧಿ ತರಲು ಹೋದಳು. 3:25ಕ್ಕೆ ಅತ್ತೆಯ ಕೊನೆಯ ಒಣ ಹಾಸೂ ಒದ್ದೆಯಾಯಿತು. ನಾನು ಟೇಪು ಸುಲಿದು, ಮೂರು ಹಾಸು ತುಂಬಿ, ಒಂದು ಗಂಟೆಗೆ ಇಟ್ಟೆ. 4:25ಕ್ಕೆ ನೋಡಿದರೆ ಇನ್ನೂ ಹಸಿ. ಮತ್ತೊಂದು ಗಂಟೆಗೆ ಇಟ್ಟೆ. 4:40ಕ್ಕೆ ಅತ್ತೆ, "ಅಳಿಯಂದ್ರೇ, ಏನೋ ಸೀದ ವಾಸನೆ ಬರ್ತಿದೆ, ಸ್ವಲ್ಪ ನೋಡಿ" ಎಂದು ಕರೆದರು. ಅವರಿಗೆ ದಿನಕ್ಕೊಂದು ವಾಸನೆ ಬರುತ್ತಿತ್ತು. ಪಕ್ಕದ ಮನೆಯದೆಂದು ಹೇಳಿ, ಅವರ ಕೋಣೆಯ ಬಾಗಿಲೆಳೆದು, 150 ಮೀಟರ್ ದೂರದ ನನ್ನ ಅಂಗಡಿಗೆ ಹೋದೆ.

5:07ಕ್ಕೆ ಬೀದಿಯಲ್ಲಿ ಕೂಗು ಕೇಳಿ ಓಡಿಬಂದೆ. ಹೊಗೆಯಲ್ಲಿ ನಡುಮನೆಯಿಂದ ಮುಂದಕ್ಕೆ ಹೋಗಲಾಗಲಿಲ್ಲ. ಅತ್ತೆ ಎರಡು ಸಲ ನನ್ನನ್ನು ಕರೆದರು. ಆಮೇಲೆ ಕರೆಯಲಿಲ್ಲ.

ರಾತ್ರಿ ಹೆಂಡತಿ, ಡ್ರೈಯರ್ ಹಾಕಿದ್ದು ಯಾಕೆಂದು ಕೇಳಿದಳು. ಒಂದೆರಡು ಸಲ ಹಾಕಿದರೆ ಪರವಾಗಿಲ್ಲವೆಂದು ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ ಎಂದೆ. ಅಂಥ ಫೋನು ಬಂದಿಲ್ಲ. ಭಾವಮೈದುನ ಅದನ್ನೇ ನಂಬಿದ.

ಸೋಮವಾರ 9 ಗಂಟೆಗೆ ಸರಿಯಾಗಿ ಮೆಕ್ಯಾನಿಕ್ ಏಣಿ ಹೊತ್ತು ಬಂದ. ಅವನಿಗೆ ಸುದ್ದಿಯೇ ತಿಳಿದಿರಲಿಲ್ಲ. ಕರಿಹಿಡಿದ ಗೋಡೆ ನೋಡಿ, ಅಜ್ಜಿ ಎಲ್ಲಿ ಎಂದು ನನ್ನನ್ನು ಕೇಳಿದ. ಭಾವಮೈದುನ ಅವನ ಒಂದು ರಟ್ಟೆ ಹಿಡಿದ. "ನಾನು ಹಾಕ್ಬೇಡಿ ಅಂದಿದ್ದೆ ಅಲ್ವಾ, ನೀವೇ ಹೇಳಿ ಸಾರ್" ಎಂದು ಅವನು ನನ್ನ ಮುಖ ನೋಡಿದ. ನಾನು ಅವನ ಇನ್ನೊಂದು ರಟ್ಟೆ ಹಿಡಿದೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ, ಯಾರ ಒತ್ತಾಯವೂ ಇಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 17, ಮಂಗಳವಾರ, ಬೆಳಿಗ್ಗೆ 7:40
(ಸಹಿ)