ಎದುರು ತಂಡಕ್ಕೊಂದು ಹೆಗಲು

ಕುರಿಗಳು ಮರಿ ಹಾಕುವ ಕಾಲ. ಗ್ಲಾಸ್ಟರ್‌ಶೈರಿನ ಮೇವಿನಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದ ಮ್ಯೂರಿಯಲ್‌ಳ ಕಿವಿ ಮುಂದಿದ್ದ ಇಬ್ಬರ ಮಾತಿನ ಮೇಲಿತ್ತು. ಒಬ್ಬ ಊರ ರಗ್ಬಿ ತಂಡದ ಮುದುಕ ಕೋಚ್ ಡೆನ್ಜಿಲ್. ಇನ್ನೊಬ್ಬ, ಚೆಂಡಿಗಾಗಿ ಎರಡೂ ತಂಡ ಬಾಗಿ ಎದುರುಬದುರು ನೂಕುವ ತಳ್ಳಾಟದ ಮೊದಲ ಸಾಲಿನಲ್ಲಿ ಹೆಗಲು ಕೊಡುವ ಗಾರ್ತ್.

“ಗಾರ್ತ್, ಶನಿವಾರ ನೀನು ಎದುರು ತಂಡಕ್ಕೆ ಆಡು. ಅವರ ಮೊದಲ ಸಾಲಿನವನ ಪಕ್ಕೆಲುಬು ಮುರಿದಿದೆ.”

“ತಲೆ ಕೆಟ್ಟಿದೆಯಾ ನಿಮಗೆ? ಎಂಟು ವರ್ಷದಿಂದ ಅವರಿಗೆ ಸೋತಿದೀವಿ. ಈ ಸಲ ಗೆಲ್ತೀವಿ ಅಂದೋರು ನೀವೇ!”

“ಮೊದಲ ಸಾಲಿಗೆ ಪಳಗಿದ ಆಳಿಲ್ಲದಿದ್ರೆ ನಿಯಮದ ಪ್ರಕಾರ ತಳ್ಳೋ ಹಾಗೇ ಇಲ್ಲ, ಬರೀ ಒರಗಿ ನಿಲ್ಲೋದು. ಅದೂ ಒಂದು ಗೆಲುವಾ? ಹೋದ ವರ್ಷ ನಮಗೆ ಆಳಿಲ್ಲದಾಗ ಅವರು ತಮ್ಮವನೊಬ್ಬನನ್ನ ಕೊಡಲಿಲ್ವಾ?”

ಗಾರ್ತ್ ತನ್ನ ಮೇವಿನ ಮೂಟೆಯನ್ನು ಹೆಗಲಿಗೇರಿಸಿದ.

“ನಮ್ಮವರ ಎದುರಾದ್ರೂ ನಾನು ಮೆತ್ತಗೆ ತಳ್ಳೋನಲ್ಲ, ನೋಡಿ.”

“ಮೆತ್ತಗೆ ತಳ್ಳಿದ್ಯೋ, ಇನ್ನು ನಮ್ಮ ತಂಡಕ್ಕೂ ಬರಬೇಡ.”

ಇಬ್ಬರೂ ನಗುತ್ತ ಬಾಗಿಲು ದಾಟಿದರು.